ಅಲುಗದೆ ಕೂರುವ ಕೆಲಸ

ಕೊಲ್ಹಾಪುರ: ಎಮ್ಮೆಯ ಎದುರು

ಕೊಲ್ಹಾಪುರದಲ್ಲಿ ನಾನು ಮಾಡಿದ ಮೊದಲ ಘನಕಾರ್ಯವೆಂದರೆ ಹಾಲಿನ ಲೋಟದಲ್ಲಿ ಬ್ರಷ್ ಅದ್ದಿದ್ದು.

ಸಂಜೆಯ ಹೊತ್ತು. ಪೇಟೆಯ ನಡುವೆ ಒಂದು ಕಟ್ಟೆ, ಕಟ್ಟೆಯ ಮಗ್ಗುಲಲ್ಲಿ ನಾಲ್ಕು ಎಮ್ಮೆ. ಜನ ಬಂದು ನಿಲ್ಲುತ್ತಾರೆ. ಎಮ್ಮೆಯವನು ಅವರ ಕಣ್ಣೆದುರೇ ಲೋಟಕ್ಕೆ ನೊರೆನೊರೆಯಾಗಿ ಹಾಲು ಕರೆದು ಕೊಡುತ್ತಾನೆ. ಅವರು ನಿಂತಲ್ಲೇ ಕುಡಿದು, ಮೀಸೆ ಒರೆಸಿಕೊಂಡು, ಸ್ಕೂಟರ್ ಹತ್ತಿ ಹೋಗುತ್ತಾರೆ. ನಮ್ಮ ಮಂಡ್ಯದಲ್ಲಿ ಹೀಗೆ ಹಸಿ ಹಾಲು ಕುಡಿದರೆ ಮನೆಯವರಿಂದ ಅರ್ಧ ದಿನ ಉಪದೇಶ ಕೇಳಬೇಕಾಗುತ್ತದೆ. ಉಪದೇಶ ಮಾಡುವವರಲ್ಲಿ ನಾನೇ ಮೊದಲಿಗಳು, ಏಕೆಂದರೆ ಮೂವತ್ತು ವರ್ಷ ಸರ್ಕಾರಿ ಆಸ್ಪತ್ರೆಯೊಂದರ ಔಷಧಿ ಕಿಟಕಿಯ ಹಿಂದೆ ಕೂತು ಮಾತ್ರೆ ಎಣಿಸಿದವಳು ನಾನು.

ನಿವೃತ್ತಿಯಾದ ಮೇಲೆ ಚಿತ್ರ ಬರೆಯುವ ಹುಚ್ಚು ಹತ್ತಿತು. ದೊಡ್ಡ ಚಿತ್ರವೇನಲ್ಲ. ತರಕಾರಿಯವಳು, ಬಸ್ಸಿಗೆ ಕಾಯುವವರು, ಕ್ಷೌರದಂಗಡಿಯ ಬೆಂಚು, ಹೀಗೆ ಕಣ್ಣಿಗೆ ಬಿದ್ದದ್ದು. ಮಂಡ್ಯದವರನ್ನೆಲ್ಲ ಬರೆದು ಮುಗಿಸಿದೆ ಅನ್ನಿಸಿದಾಗ, ಚಿತ್ರಗಾರರ ಊರೆಂದು ಹೆಸರಾದ ಕೊಲ್ಹಾಪುರವನ್ನು ನೋಡಿಯೇ ಬಿಡೋಣವೆಂದು ಹೊರಟೆ. ನಿಪ್ಪಾಣಿ ದಾಟಿದೊಡನೆ ಫೋನು ನನ್ನನ್ನು ಮಹಾರಾಷ್ಟ್ರಕ್ಕೆ ಸ್ವಾಗತಿಸಿತು. ಬೇರೆ ರಾಜ್ಯಕ್ಕೆ ಒಬ್ಬಳೇ ಹೊರಟದ್ದು ಇದೇ ಮೊದಲು. ನಮ್ಮ ಬೀದಿಯವರ ಲೆಕ್ಕದಲ್ಲಿ ನಾನು ಫಾರಿನ್ನಿಗೇ ಬಂದಿದ್ದೆ.

ಕಟ್ಟೆಯ ತುದಿಯಲ್ಲಿ ಕೂತು ಎಮ್ಮೆಯನ್ನು ಬರೆಯುತ್ತಿದ್ದೆ. ಬಲಕ್ಕೆ ಬಣ್ಣದ ನೀರಿನ ಲೋಟ. ಎಮ್ಮೆಯವನು ನಾನು ಕೇಳದೆಯೇ ಒಂದು ಲೋಟ ಹಾಲು ಕರೆದು ಅದರ ಪಕ್ಕದಲ್ಲಿಟ್ಟ. ನನ್ನ ಕಣ್ಣು ಎಮ್ಮೆಯ ಮೇಲಿತ್ತು, ಕೈ ತನ್ನ ಪಾಡಿಗೆ ಹೋಗಿ ಹಾಲಿನಲ್ಲಿ ಬ್ರಷ್ ತೊಳೆಯಿತು. ಹಾಲು ನೀಲಿಯಾಯಿತು. ಸುತ್ತ ನಿಂತ ಏಳೆಂಟು ಜನ ಅದನ್ನು ನೋಡಿದರು. ಯಾರೂ ನಗಲಿಲ್ಲ. ಬದಲಿಗೆ ಒಬ್ಬ ರಿಕ್ಷಾದವನು ಬಗ್ಗಿ ನನ್ನ ಹಾಳೆ ನೋಡಿ, ಹಿಂಗಾಲಿನ ಮಂಡಿ ತಪ್ಪಾಗಿದೆಯೆಂದು ಮರಾಠಿಯಲ್ಲಿ ಹೇಳಿದ. ಇನ್ನೊಬ್ಬರು ಕೋಡು ಸರಿಯಾಗಿದೆ ಎಂದರು. ರಿಕ್ಷಾದವನು ತನ್ನ ಕಾಲನ್ನೇ ಮಡಚಿ, ಎಮ್ಮೆಯ ಮಂಡಿ ಎಲ್ಲಿ ಬಾಗುತ್ತದೆಂದು ತೋರಿಸಿದ. ನೋಡಿದರೆ ಅವನದೇ ಸರಿ.

ನಮ್ಮ ಕಡೆ ರಸ್ತೆಯಲ್ಲಿ ಕೂತು ಬರೆದರೆ "ನಂದೂ ಒಂದ್ ಬರ್‍ಕೊಡಿ" ಅನ್ನುತ್ತಾರೆ, ಇಲ್ಲವೇ "ಇದ್ರಿಂದ ಏನ್ ಸಿಗ್ತದೆ" ಅನ್ನುತ್ತಾರೆ. ಇಲ್ಲಿ ತಪ್ಪು ಹಿಡಿಯುತ್ತಾರೆ. ನನಗೆ ಅದು ಹಿಡಿಸಿತು. ಎಮ್ಮೆಯವನು ನೀಲಿ ಹಾಲನ್ನು ಚೆಲ್ಲಿ ಇನ್ನೊಂದು ಲೋಟ ಕರೆದುಕೊಟ್ಟು, ನನ್ನ ಮಾತಿನ ಧಾಟಿ ಕೇಳಿ ತಾನೂ ಕನ್ನಡಕ್ಕೆ ಬಂದ.

"ಮನುಷ್ಯಾರ ಚಿತ್ರಾ ತಗಿಯೂದ ಕಲಿಬೇಕಂದ್ರ ಚವಾಣ ಸರ್ ಕಡೆ ಹೋಗ್ರಿ ಬಾಯಾರ. ಇಲ್ಲೇ ಹಿಂದಿನ ಗಲ್ಲಿ. ದಿನಾ ಮುಂಜಾನಿ ಬೈಠಕ್ ಇರ್ತೈತಿ."

ಬೈಠಕ್ ಅಂದರೆ ಒಬ್ಬರು ಅಲುಗದೆ ಕೂರುವುದು, ಉಳಿದವರು ಅವರನ್ನು ನೋಡಿ ಬರೆಯುವುದು. ಯಾರು ಬೇಕಾದರೂ ಬರಬಹುದಂತೆ. ಆ ರಾತ್ರಿ ಲಾಡ್ಜಿನಲ್ಲಿ ಪೆನ್ಸಿಲುಗಳನ್ನೆಲ್ಲ ಮೊನೆ ಮಾಡಿಟ್ಟುಕೊಂಡೇ ಮಲಗಿದೆ.

ಕೊಲ್ಹಾಪುರ: ಹನ್ನೆರಡು ಭಕ್ರಿ

ಚವಾಣ ಸರ್ ಮನೆಯ ಮಾಳಿಗೆಯಲ್ಲಿ ಉದ್ದನೆಯ ಕೋಣೆ. ಆರು ಜನ ಆಗಲೇ ಸ್ಟೂಲುಗಳ ಮೇಲೆ ಕೂತಿದ್ದರು. ಒಬ್ಬ ಟೇಲರ್, ಒಬ್ಬ ಬ್ಯಾಂಕಿನವರು, ಉಳಿದವರು ಕಾಲೇಜಿನ ಹುಡುಗ ಹುಡುಗಿಯರು. ಸರ್‌ಗೆ ಅರವತ್ತು ದಾಟಿರಬೇಕು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಓಡಾಡುತ್ತಾರೆ. ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. ನನ್ನನ್ನು ಮೇಲಿಂದ ಕೆಳಗೆ ನೋಡಿ ಒಂದು ಸ್ಟೂಲು ತೋರಿಸಿದರು, ಅಷ್ಟೇ.

ನಡುವೆ ಹಲಗೆಯ ಜಗಲಿ, ಅದರ ಮೇಲೊಂದು ಸ್ಟೂಲು, ಸ್ಟೂಲಿನ ಮೇಲೆ ಅಕ್ಕಾತಾಯಿ. ವಯಸ್ಸು ಅರವತ್ತೈದರ ಮೇಲೆ. ಕಚ್ಚೆ ಸೀರೆ, ದೊಡ್ಡ ಕುಂಕುಮ, ಮೂಗಿನಲ್ಲಿ ನತ್ತು. ಬೆನ್ನು ನೆಲಕ್ಕೆ ಹೊಡೆದ ಗೂಟದ ಹಾಗೆ ನೆಟ್ಟಗಿತ್ತು. ಪಾದದ ಸುತ್ತ ಸೀಮೆಸುಣ್ಣದಲ್ಲಿ ಗುರುತು ಮಾಡಿದ್ದರು, ವಿರಾಮಕ್ಕೆ ಎದ್ದು ಬಂದರೆ ಮತ್ತೆ ಅದೇ ಜಾಗದಲ್ಲಿ ಕಾಲಿಡಲೆಂದು. ಕಣ್ಣು ಎದುರಿನ ಗೋಡೆಯ ಒಂದು ಮೊಳೆಯ ಮೇಲೆ. ಇಷ್ಟು ಸ್ಥಿರವಾಗಿ ಕೂತ ಮನುಷ್ಯರನ್ನು ನಾನು ಎಂದೂ ಬರೆದಿರಲಿಲ್ಲ. ಮಂಡ್ಯದ ಬಸ್ ನಿಲ್ದಾಣದಲ್ಲಿ ಮೂಗು ಬರೆಯುವಷ್ಟರಲ್ಲಿ ಬಸ್ಸು ಬಂದು ಮೂಗಿನ ಸಮೇತ ಮನುಷ್ಯ ಹೊರಟುಹೋಗುತ್ತಾನೆ. ಇವತ್ತು ಚೆನ್ನಾಗಿಯೇ ಬರೆಯುತ್ತೇನೆ ಅಂದುಕೊಂಡೆ.

ಬರೆಯಲಾಗಲಿಲ್ಲ. ಹಣೆ ಬಂತು, ಮೂಗು ಬಂತು. ಕಿವಿಗೆ ಬಂದಾಗ ಗೆರೆ ಒಂದು ಕಡೆ ಬಿತ್ತು. ಮತ್ತೆ ನೋಡಿದರೆ ಕಿವಿ ಕೂದಲೆಳೆಯಷ್ಟು ಆಚೆ ಇದ್ದಂತಿತ್ತು. ಅಳಿಸಿ ಬರೆದೆ, ಈಗ ಈಚೆ ಇದ್ದಂತಿತ್ತು. ದವಡೆಯದೂ ಅದೇ ಗತಿ. ಎರಡೆರಡು ಗೆರೆ ಬಿದ್ದು ಮುದುಕಿಗೆ ಎರಡು ದವಡೆ ಹುಟ್ಟಿತು. ಸರ್ ಹಿಂದೆ ಬಂದು ನಿಂತರು.

"ರೇಘ ಏಕದಾಚ ಮಾರಾಯಚೀ," ಎಂದರು.

ಗೆರೆಯನ್ನು ಒಂದೇ ಸಲ ಎಳೆಯಬೇಕು ಅಂತ. ಎಳೆದು ತೋರಿಸಿ ಎಂದು ಪೆನ್ಸಿಲು ಮುಂದೆ ಹಿಡಿದೆ. ಅವರು ಕೈ ಬೆನ್ನ ಹಿಂದಿನಿಂದ ತೆಗೆಯಲೇ ಇಲ್ಲ, ಮುಂದಿನವರ ಕಡೆ ಹೋದರು. ಎಂಥ ಜಂಬದ ಮನುಷ್ಯ ಅನ್ನಿಸಿತು. ನಾನು ರಬ್ಬರ್ ಉಜ್ಜುತ್ತ "ಥತ್, ಹಾಳಾದ್ದು" ಎಂದು ಗೊಣಗಿಕೊಂಡೆ.

"ಬಾಯಾರ ಯಾವೂರು?"

ಅಕ್ಕಾತಾಯಿ ಕೇಳಿದ್ದು. ತುಟಿ ಅಲುಗಿದ್ದು ಕಾಣಲಿಲ್ಲ, ಕಣ್ಣು ಮೊಳೆಯ ಮೇಲೇ ಇತ್ತು. ನಾನು ಬೆಚ್ಚಿಬಿದ್ದು ಮಂಡ್ಯ ಎಂದೆ. ವಿರಾಮದವರೆಗೆ ಅವರು ಮತ್ತೆ ಮಾತಾಡಲಿಲ್ಲ.

ಚಹಾ ಬಂದಾಗ ಜಗಲಿಯಿಂದ ಇಳಿದು ನೇರ ನನ್ನ ಬಳಿ ಬಂದರು. ಅವರ ಊರು ಗಡಹಿಂಗ್ಲಜ, ಮನೆಮಾತು ಕನ್ನಡ. ಗಂಡ ಇಲ್ಲಿ ಮೂರ್ತಿ ಮಾಡುವವರ ಹತ್ತಿರ ಮಣ್ಣು ಕಲಸುವ ಕೆಲಸದಲ್ಲಿದ್ದನಂತೆ. ಅವನಿಗೆ ಬುತ್ತಿ ತಂದುಕೊಟ್ಟು ನಿಂತವಳನ್ನು ಯಾರೋ ಒಂದು ತಾಸು ಕೂರು ಎಂದರು. ಆ ಒಂದು ತಾಸು ಮೂವತ್ತೊಂದು ವರ್ಷವಾಗಿದೆ. ಗಂಡ ತೀರಿಕೊಂಡ ಮೇಲೂ ಅವರು ಕೂರುವುದನ್ನು ಬಿಡಲಿಲ್ಲ.

"ನೀ ಏನೂ ಮಾಡಬ್ಯಾಡ, ಸುಮ್ಮನ ಕುಂದರು ಅಂದ್ರು. ಏನೂ ಮಾಡದಂಗ ಕುಂದ್ರೂದು ಎಷ್ಟ ಕೆಲಸ ಅನ್ನೂದು ಕುಂತವರಿಗೆ ಗೊತ್ತು."

"ಬೇಜಾರಾಗಲ್ವ ಅಕ್ಕ?"

"ಮನಸಿನ್ಯಾಗ ಜ್ವಾಳದ ಭಕ್ರಿ ಬಡೀತೇನಿ. ಹಿಟ್ಟ ನಾದೂದರಿಂದ ಹಿಡದ ಹಂಚಿನ ಮ್ಯಾಲಿಂದ ತಗಿಯೂತನಕ. ಹನ್ನೆರಡ ಭಕ್ರಿ ಅಂದ್ರ ಒಂದ ಬೈಠಕ್. ಹದಿಮೂರನೇದಕ್ಕ ಹಿಟ್ಟ ನಾದಾಕತ್ತೇನಿ ಅಂದ್ರ ಹುಡುಗೂರು ಮೈಗಳ್ಳತನ ಮಾಡಾಕತ್ಯಾರ ಅಂತ ಲೆಕ್ಕ."

ಚಹಾದ ಕಪ್ಪು ಹಿಡಿದು ಅವರು ಒಬ್ಬೊಬ್ಬರ ಹಾಳೆಯ ಮುಂದೂ ನಿಂತರು. ಆ ಕೋಣೆಯಲ್ಲಿ ಎಲ್ಲರೂ ಸಿಕ್ಕಾಪಟ್ಟೆ ಅಳಿಸಿದ್ದರು. ಟೇಲರ್ ಅಂತೂ ಕುತ್ತಿಗೆಯ ಹತ್ತಿರ ಹಾಳೆ ಹರಿಯುವ ಹಾಗೆ ಉಜ್ಜಿದ್ದ. ಪಾಪ, ಮುದುಕಿಗೆ ತನ್ನ ಮುಖ ನೋಡುವ ಆಸೆ ಅಂದುಕೊಂಡೆ. ನನ್ನ ಹಾಳೆಯ ಮುಂದೆ ಅವರು ತುಂಬ ಹೊತ್ತು ನಿಂತಾಗ ನಾಚಿಕೆಯಾಯಿತು.

"ನಾನು ಹೊಸಬಳು, ಕೈ ಕೂತಿಲ್ಲ," ಎಂದೆ.

ಅವರು ನನ್ನನ್ನೊಮ್ಮೆ ನೋಡಿ, ಕೇಳಿದರು: "ಮುಂದ ಎಲ್ಲಿಗಿ ಹೊಂಟೀರಿ?"

"ಇಚಲಕರಂಜಿ. ಆಮೇಲೆ ಗೊತ್ತಿಲ್ಲ."

"ಗಡಿಂಗ್ಲಜಕ್ಕ ಬರ್ರಿ. ನಾ ಐತವಾರ ಊರಾಗ ಇರ್ತೇನಿ, ತಂಗಿ ಮನ್ಯಾಗ. ಬರೂಮುಂದ ಈ ಪುಸ್ತಕ ತಗೊಂಡ ಬರ್ರಿ."

ಪುಸ್ತಕ ತರಲು ಎರಡು ಸಲ ಹೇಳಿದರು. ಮುಂದಿನ ತಿಂಗಳು ಸರ್ ಹದಿನೈದು ದಿನಗಳ ದೊಡ್ಡ ಬೈಠಕ್ ಇಟ್ಟಿದ್ದಾರೆ, ಎಣ್ಣೆಬಣ್ಣದ್ದು, ಪುಣೆಯಿಂದೆಲ್ಲ ಜನ ಬರುತ್ತಾರೆ, ಅದಕ್ಕೂ ತಾನೇ ಕೂರುವುದು ಎಂದು ಹೆಮ್ಮೆಯಿಂದ ಹೇಳಿ ಜಗಲಿ ಹತ್ತಿದರು.

ಇಚಲಕರಂಜಿ: ಅಳಿಲಿನ ಬಾಲ

ಇಚಲಕರಂಜಿಯನ್ನು ಕಣ್ಣಿಗಿಂತ ಮೊದಲು ಕಿವಿ ಗುರುತಿಸುತ್ತದೆ. ಬಸ್ಸಿಳಿದು ಯಾವ ಗಲ್ಲಿಗೆ ತಿರುಗಿದರೂ ಖಡಖಡ, ಖಡಖಡ. ಮನೆಗಳ ಹಿಂದೆ, ಮನೆಗಳ ಕೆಳಗೆ, ಎಲ್ಲ ಕಡೆ ವಿದ್ಯುತ್ ಮಗ್ಗ. ನನ್ನ ಜೊತೆ ಕೆಲಸ ಮಾಡಿದ ನರ್ಸ್ ಒಬ್ಬರ ತಂಗಿ ಸುಜಾತಾ ಇಲ್ಲಿನ ಜೈನರ ಮನೆಗೆ ಮದುವೆಯಾಗಿ ಬಂದವಳು. ಮನೆಯ ಹಿಂದಿನ ಶೆಡ್ಡಿನಲ್ಲಿ ಹನ್ನೆರಡು ಮಗ್ಗಗಳಿವೆ. ಎರಡು ದಿನ ಅವಳ ಮನೆಯಲ್ಲಿದ್ದೆ.

ಅವಳ ಅತ್ತೆ ಪದ್ಮಾವತಿಯವರನ್ನು ಮನೆಯಲ್ಲಿ ಎಲ್ಲರೂ ಆಯಿ ಅನ್ನುತ್ತಾರೆ. ಸೂರ್ಯ ಮುಳುಗುವ ಮೊದಲೇ ಊಟ, ನೀರು ಸೋಸಿಯೇ ಕುಡಿಯುವುದು, ಆಲೂಗೆಡ್ಡೆ ಹೊಸ್ತಿಲು ದಾಟಿ ಒಳಗೆ ಬರುವಂತಿಲ್ಲ. ನಾನು ಬಣ್ಣದ ಪೆಟ್ಟಿಗೆ ತೆರೆದಾಗ ಆಯಿ ಹತ್ತಿರ ಬಂದು ಕೂತು ಒಂದೊಂದನ್ನೂ ಆಸಕ್ತಿಯಿಂದ ನೋಡಿದರು. ನಾನು ಜಂಬ ಕೊಚ್ಚಿಕೊಂಡೆ.

"ಈ ಬ್ರಷ್ ನೋಡಿ ಆಯಿ, ಎಷ್ಟು ಮೆತ್ತಗಿದೆ. ಅಳಿಲಿನ ಬಾಲದ ಕೂದಲು."

ಆಯಿ ಮುಟ್ಟಲು ಚಾಚಿದ್ದ ಕೈ ಹಿಂದಕ್ಕೆಳೆದುಕೊಂಡರು.

"ಅಳಿಲ ಏನಾತ್ರಿ?" ಎಂದು ಕೇಳಿದರು.

ಇಷ್ಟು ವರ್ಷದಲ್ಲಿ ನನಗೆ ಆ ಪ್ರಶ್ನೆ ಹೊಳೆದೇ ಇರಲಿಲ್ಲ. ಅಳಿಲು ಏನಾಗಿರಬಹುದು? ಬಾಲ ಕೊಟ್ಟು ಮನೆಗೆ ಹೋಗಿರಲಾರದು. ನನ್ನ ಮುಖ ನೋಡಿಯೇ ಆಯಿಗೆ ಉತ್ತರ ಸಿಕ್ಕಿತು.

"ಸಿಟ್ಟ ಮಾಡ್ಕೋಬ್ಯಾಡ್ರಿ. ಅದನ್ನ ಹೊರಗ ಇಡ್ರಿ. ಈ ಮನ್ಯಾಗ ನಡಿಯಂಗಿಲ್ಲ."

ಹಾಗಾಗಿ ನನ್ನ ದುಬಾರಿ ಬ್ರಷ್ಷುಗಳು ಎರಡು ದಿನ ಕಾಂಪೌಂಡಿನ ಗೋಡೆಯ ಮೇಲೆ ಒಂದು ಡಬ್ಬಿಯಲ್ಲಿ ವನವಾಸ ಮಾಡಿದವು. ಬ್ರಷ್ಷಿಲ್ಲದ ಮೇಲೆ ಬಣ್ಣವೂ ಇಲ್ಲ, ಪೆನ್ಸಿಲುಗಳೂ ಅದೇ ಡಬ್ಬಿಯಲ್ಲಿ ಹೊರಗುಳಿದವು. ಸುಜಾತಾ ಕೊಟ್ಟ ಬಾಲ್ ಪೆನ್ನಿನಲ್ಲಿ ಬರೀ ಗೆರೆ ಎಳೆಯುತ್ತ ಕೂತೆ. ಪೆನ್ನಿನ ಗೆರೆ ಅಳಿಸಲು ಬರುವುದಿಲ್ಲ, ತಪ್ಪಿದರೆ ತಪ್ಪಿತು.

ಶೆಡ್ಡಿನಲ್ಲಿ ಮಲ್ಲಪ್ಪ ಎಂಬ ನೇಕಾರ ಒಬ್ಬನೇ ನಾಲ್ಕು ಮಗ್ಗ ನೋಡಿಕೊಳ್ಳುತ್ತಾನೆ. ಅಲ್ಲಿ ಬಾಯಿಂದ ಬಂದ ಮಾತು ತನ್ನ ಕಿವಿಗೇ ತಲುಪುವುದಿಲ್ಲ, ಹಾಗಾಗಿ ಎಲ್ಲ ಕೈಸನ್ನೆ. ಎರಡು ಬೆರಳು ಕತ್ತರಿಯಾದರೆ ನೂಲು ಕಡಿದಿದೆ. ಹೆಬ್ಬೆರಳು ತುಟಿಗೆ ಹೋದರೆ ಚಹಾ. ಕೈ ತಲೆಯ ಮೇಲೆ ಟೋಪಿಯಾದರೆ ಮಾಲೀಕರು ಬರುತ್ತಿದ್ದಾರೆ. ಆ ತುದಿಯಿಂದ ಈ ತುದಿಗೆ ದೊಡ್ಡ ಕಥೆಯನ್ನೇ ಹೇಳಿ ನಗಾಡುತ್ತಾರೆ. ನಾನು ಅರ್ಧ ತಾಸಿನಲ್ಲಿ ಚಹಾ ಕೇಳುವುದನ್ನು ಕಲಿತೆ.

ಮಲ್ಲಪ್ಪನನ್ನು ಬರೆಯುವುದು ಹುಡುಗಾಟವಲ್ಲ. ಬಗ್ಗುತ್ತಾನೆ, ನೂಲು ಕಟ್ಟುತ್ತಾನೆ, ಲಾಳಿ ತೆಗೆದು ಇನ್ನೊಂದು ಹಾಕುತ್ತಾನೆ, ಅಷ್ಟರಲ್ಲಿ ಮೂರನೆಯ ಮಗ್ಗದ ಹತ್ತಿರ ಇರುತ್ತಾನೆ. ನಾನು ಕೂತ ಬೆಂಚೇ ನೆಲದ ಅದುರಿಗೆ ನಡುಗುತ್ತಿತ್ತು. ಆದರೂ ಹತ್ತು ಹಾಳೆ ತುಂಬಿಸಿದೆ.

ಎರಡನೆಯ ದಿನ ಸಂಜೆ, ಬೆಳಕಿದ್ದಾಗಲೇ ಊಟ ಮುಗಿಸಿ, ಅಂಗಳದಲ್ಲಿ ಹಾಳೆಗಳನ್ನು ಹರವಿಕೊಂಡು ನೋಡುತ್ತಿದ್ದೆ. ಮಲ್ಲಪ್ಪನ ತೋಳು, ಒಂದೇ ಗೆರೆ. ಕಿವಿ, ಒಂದೇ ಗೆರೆ. ಅವರೆಕಾಳು ಸುಲಿಯುತ್ತಿದ್ದ ಆಯಿಯ ದವಡೆ, ಒಂದೇ ಗೆರೆ. ಕೊಲ್ಹಾಪುರದ ಕಟ್ಟೆಯಲ್ಲಿ ಬರೆದುಕೊಂಡಿದ್ದ ಎಮ್ಮೆಯವನದೂ ಅಷ್ಟೇ. ಓಡಾಡುವವರನ್ನು, ನಡುಗುವ ಬೆಂಚಿನ ಮೇಲೆ ಕೂತು, ಅಳಿಸಲಾಗದ ಪೆನ್ನಿನಲ್ಲಿ ಬರೆದ ಗೆರೆಗಳು ಸರಿಯಾಗಿದ್ದವು. ಅಲುಗದೆ ಕೂತ ಒಬ್ಬಳೇ ಒಬ್ಬಳ ಗೆರೆಗಳು ಎರಡೆರಡಾಗಿದ್ದವು. ಅದೂ ಕಿವಿ, ದವಡೆ, ಕುತ್ತಿಗೆಯಲ್ಲಿ ಮಾತ್ರ.

ಹಾಗಾದರೆ ತಪ್ಪು ನನ್ನ ಕೈಯದಲ್ಲ.

ಟೇಲರ್ ಹಾಳೆ ಹರಿಯುವಂತೆ ಉಜ್ಜಿದ್ದೂ ಕುತ್ತಿಗೆಯ ಹತ್ತಿರವೇ. ಕೋಣೆಯಲ್ಲಿ ಆರು ಜನ ಅದೇ ಜಾಗದಲ್ಲಿ ಅಳಿಸುತ್ತಿದ್ದರು, ಆರು ಜನವೂ ತಮ್ಮನ್ನೇ ಬೈದುಕೊಳ್ಳುತ್ತಿದ್ದರು. ಎದುರಿಗೆ ಕೂತವರು ಅಲುಗುತ್ತಿರಬಹುದೆಂದು ಒಬ್ಬರೂ ಯೋಚಿಸಿರಲಿಲ್ಲ, ಏಕೆಂದರೆ ಅವರು ಅಕ್ಕಾತಾಯಿ. ಔಷಧಿ ಕಿಟಕಿಯಲ್ಲಿ ನಡುಗುವ ಕುತ್ತಿಗೆಗಳನ್ನು ಎಷ್ಟು ನೋಡಿಲ್ಲ ನಾನು. ಇಲ್ಲಿ ಕಣ್ಣು ಬಿಟ್ಟುಕೊಂಡು ನೋಡುತ್ತಲೇ ಕುರುಡಾಗಿದ್ದೆ. ಅವರು ಚಹಾ ಹಿಡಿದು ಹಾಳೆಯಿಂದ ಹಾಳೆಗೆ ಹೋದದ್ದು ಮುಖ ನೋಡುವ ಆಸೆಯಿಂದಲ್ಲ, ಅಲುಗಾಟ ಸಿಕ್ಕಿಬಿದ್ದಿದೆಯೋ ಎಂದು ನೋಡಲು. ಪುಸ್ತಕ ತಾ ಎಂದದ್ದೂ ಅದಕ್ಕೇ. ಹೋಗುವುದೋ ಬೇಡವೋ ಎಂದು ಭಾನುವಾರ ಬೆಳಗಿನವರೆಗೂ ಯೋಚಿಸಿ, ಕಾಂಪೌಂಡಿನಿಂದ ಬ್ರಷ್ಷುಗಳನ್ನು ಎತ್ತಿಕೊಂಡು ಗಡಹಿಂಗ್ಲಜದ ಬಸ್ಸು ಹತ್ತಿದೆ.

ಗಡಹಿಂಗ್ಲಜ: ಮೆಣಸಿನಕಾಯಿಯ ನಡುವೆ

ಬಸ್ ನಿಲ್ದಾಣದಲ್ಲಿ ದಾರಿ ಕೇಳಲು ನಾಲ್ಕು ಮರಾಠಿ ಪದಗಳನ್ನು ಜೋಡಿಸಿಕೊಂಡು ಹೋದೆ. ಬಾಳೆಹಣ್ಣಿನವಳು ಕನ್ನಡದಲ್ಲಿ ಉತ್ತರ ಕೊಟ್ಟಳು, ಪಕ್ಕದವನಿಗೆ ಮರಾಠಿಯಲ್ಲಿ ಬೈದಳು, ಚಿಲ್ಲರೆಯನ್ನು ಹಿಂದಿಯಲ್ಲಿ ಕೇಳಿದಳು. ಇಲ್ಲಿ ಒಂದು ವಾಕ್ಯ ಒಂದು ಭಾಷೆಯಲ್ಲಿ ಹೊರಟು ಇನ್ನೊಂದರಲ್ಲಿ ಮನೆ ಸೇರುತ್ತದೆ, ಯಾರಿಗೂ ಅದು ವಿಶೇಷವೆನ್ನಿಸುವುದಿಲ್ಲ. ಮಂಡ್ಯದಿಂದ ಬಂದ ನನ್ನ ಕನ್ನಡವನ್ನೇ ಅವರು ಪರದೇಶದ್ದೆಂಬಂತೆ ಕೇಳಿ ನಕ್ಕರು.

ಅಕ್ಕಾತಾಯಿಯ ತಂಗಿ ಶಾಂತವ್ವ ಮೆಣಸಿನಕಾಯಿ ವ್ಯಾಪಾರದವಳು. ಪಡಸಾಲೆಯ ತುಂಬ ಕೆಂಪು ರಾಶಿ. ಅಕ್ಕ ತಂಗಿ ಕೂತು ತೊಟ್ಟು ಮುರಿಯುತ್ತಿದ್ದರು. ನಾನು ಹೊಸ್ತಿಲು ದಾಟಿದ ಕೂಡಲೇ ಏಳು ಸೀನು ಸೀನಿದೆ. ಕಣ್ಣು ಉಜ್ಜಿಕೊಂಡೆ, ಅದು ಇನ್ನೂ ದೊಡ್ಡ ತಪ್ಪಾಯಿತು. ಶಾಂತವ್ವ ನನ್ನನ್ನು ಹಿತ್ತಲಿಗೆ ಕರೆದೊಯ್ದು ಕಣ್ಣಿಗೆ ಮಜ್ಜಿಗೆಯಲ್ಲಿ ಅದ್ದಿದ ಬಟ್ಟೆ ಕಟ್ಟಿದಳು. ಹಾಗೆ ಕಣ್ಣು ಕಟ್ಟಿಕೊಂಡು ಕೂತಾಗಲೇ ಅಕ್ಕಾತಾಯಿ ಬಂದು ಪಕ್ಕದಲ್ಲಿ ಕೂತದ್ದು. ತಂಗಿ ಒಳಗೆ ಹೋಗುವವರೆಗೂ ಕಾದರು.

"ಯಾವಾಗ ಗೊತ್ತಾತು?" ಎಂದರು.

ಅವರು ಅಷ್ಟು ನೇರವಾಗಿ ಕೇಳಿದ್ದರಿಂದ ಸುಳ್ಳು ಹೇಳಲಾಗಲಿಲ್ಲ.

"ನಿನ್ನೆ ಸಂಜೆ. ಇಚಲಕರಂಜಿಯಲ್ಲಿ. ಬೇರೆಯವರ ಗೆರೆಯೆಲ್ಲ ಸರಿಯಾಗಿ ಬಂದಿತ್ತು."

"ನಿಮ್ಮಂಥಾ ಹೊಸಬರಿಗೇ ಗೊತ್ತಾತು ಅಂದ್ರ ಮುಗೀತು ಬಿಡು ತಂಗಿ." ಅಲ್ಲಿಯವರೆಗೆ ಬಾಯಾರ ಆಗಿದ್ದವಳು ತಂಗಿಯಾದೆ. "ಮಳಿಗಾಲದಿಂದ ಚಾಲೂ ಆಗೇತಿ. ಡಾಕ್ಟರು ನೋಡ್ಯಾರ. ವಯಸ್ಸಿಂದು, ಜೀವಕ್ಕೇನ ಧೋಕಾ ಇಲ್ಲ ಅಂದಾರ. ಗುಳಿಗಿ ತಗೊಂಡ್ರ ಒಂದ ಚೂರ ಕಡಿಮಿ ಅಕ್ಕೈತಿ, ಪೂರಾ ನಿಲ್ಲಂಗಿಲ್ಲ."

"ಸರ್‌ಗೆ ಹೇಳಿದ್ರೆ?"

"ಏನಂತ ಹೇಳ್ಲಿ? ಕೊಲ್ಹಾಪುರದಾಗ ಅಕ್ಕಾತಾಯಿ ಅಂದ್ರ ಅಲಗಂಗಿಲ್ಲ. ಅದ ನನ್ನ ಹೆಸರು. ಅಲಗಾಕತ್ಯಾಳ ಅಂತ ಒಬ್ಬರ ಬಾಯಾಗ ಬಂದ್ರ ಸಾಕು, ಎಲ್ಲೂ ಕರಿಯಂಗಿಲ್ಲ. ಆ ಹದಿನೈದ ದಿನದ್ದೂ ಹೋತು. ಆಮ್ಯಾಲೆ ನಾ ಏನು? ಮೆಣಸಿನಕಾಯಿ ತೊಟ್ಟ ಮುರಿಯೂ ಒಬ್ಬ ಮುದಕಿ."

ಯಾರಿಗೂ ಗೊತ್ತಾಗಿಲ್ಲವಲ್ಲ, ಹಾಗೇ ನಡೆಯಲಿ ಬಿಡಿ ಎಂದುಬಿಟ್ಟೆ.

"ಗೊತ್ತಾಗೂದಿಲ್ಲ ಅನ್ನೂದ ತ್ರಾಸ ಐತಿ. ಎಲ್ಲಾರೂ ತಮ್ಮ ಕೈ ತಪ್ಪ ಅಂತಾರ. ಒರಸ್ತಾರ, ಒರಸ್ತಾರ, ಬಾಯಿ ಮುಚಗೊಂಡ ಮನಿಗಿ ಹೋಗ್ತಾರ. ಅಶ್ವಿನಿ ಅಂತ ಒಂದ ಹುಡಿಗಿ ಇತ್ತು. ಎಲ್ಲಾರಕಿಂತ ಚೊಲೊ ತಗೀತಿತ್ತು. ದಸರಾ ಆದಮ್ಯಾಲೆ ನನ್ನ ಕೈ ಹೋತು ಅಂತ ಹೇಳಿ ಬಿಟ್ಟ ಹೋತು. ನಾ ಅಲ್ಲೇ ಸ್ಟೂಲ್ ಮ್ಯಾಲೆ ಕುಂತಿದ್ನಿ. ಮೂಗಿಯಾಗಿ ಕುಂತ ಕೇಳಿದ್ನಿ."

ಕಣ್ಣಿನ ಬಟ್ಟೆ ತೆಗೆದೆ. ಅವರು ಅಳುತ್ತಿರಲಿಲ್ಲ. ಹಿತ್ತಲ ಗೋಡೆಗೆ ತಲೆಯೊರಗಿಸಿ ಕೂತಿದ್ದರು. ನಾನು ಸುಮ್ಮನೆ ಕೂರಲಾರದೆ ಪುಸ್ತಕ ತೆಗೆದು ಅವರನ್ನು ಬರೆಯತೊಡಗಿದೆ. ಕಿವಿ ಬಂತು, ದವಡೆ ಬಂತು, ಕುತ್ತಿಗೆ ಬಂತು. ಗೆರೆ ಒಂದೇ ಇತ್ತು. ಪುಸ್ತಕ ತಿರುಗಿಸಿ ತೋರಿಸಿದೆ. ಅವರು ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು.

"ನೋಡಿ ಅಕ್ಕ, ಒರಗಿ ಕೂತ್ರೆ ನಿಲ್ಲತ್ತೆ."

"ನನಗ ಗೊತ್ತೈತಿ. ಆಸರ ತಗೊಂಡ ಕುಂತ್ರ ಅದ್ಯಾವ ಬೈಠಕ್?" ಎಂದು ಪುಸ್ತಕ ಹಿಂದಿರುಗಿಸಿದರು. ಆದರೆ ಊಟಕ್ಕೆ ಕೂತಾಗ ಇನ್ನೊಮ್ಮೆ ಕೇಳಿ ಇಸಿದುಕೊಂಡು ನೋಡಿದರು. ರೊಟ್ಟಿ ಅರ್ಧದಲ್ಲಿದ್ದಾಗ ಕೇಳಿದರು, "ನಾಳೆ ಕೊಲ್ಹಾಪುರದ ಮ್ಯಾಲೆ ಹೊಂಟಿಯೇನ?"

ನನ್ನ ವಾಪಸು ಬಸ್ಸು ಅಲ್ಲಿಂದಲೇ ಇತ್ತು.

"ಹಂಗಾರ ಕೂಡೇ ಹೋಗೂಣು. ನಾ ಒಬ್ಬಾಕಿ ಹೋದ್ರ ನಡದಾರ್ಯಾಗ ಇಳದ ವಾಪಸ್ ಬಂದ್ಗಿಂದೇನು."

ಮತ್ತೆ ಕೊಲ್ಹಾಪುರ

ಬಸ್ಸಿನಲ್ಲಿ ಅಕ್ಕಾತಾಯಿ ಕಿಟಕಿಯ ಕಡೆ ಮುಖ ಮಾಡಿ ಕೂತರು. ಕಬ್ಬಿನ ಗಾಡಿಗಳು ದಾರಿಗೆ ಅಡ್ಡ ಬಂದು ಬಸ್ಸು ನಿಂತು ನಿಂತು ಹೊರಟಿತು. ನಮ್ಮ ಕಬ್ಬಿನ ಗದ್ದೆಗಳಿಗೂ ಇವಕ್ಕೂ ಏನೇನೂ ವ್ಯತ್ಯಾಸವಿಲ್ಲ ಎಂದೆ. ಅವರು ಹೂಂ ಅನ್ನಲಿಲ್ಲ. ಮನಸ್ಸಿನಲ್ಲಿ ಭಕ್ರಿ ಬಡಿಯುತ್ತಿದ್ದರೋ ಏನೋ.

ಮಾಳಿಗೆಯಲ್ಲಿ ಅವರೇ ಆರು ಜನ ಸ್ಟೂಲುಗಳ ಮೇಲಿದ್ದರು. ಅಕ್ಕಾತಾಯಿ ಜಗಲಿ ಹತ್ತಿದರು, ಆದರೆ ಕೂರಲಿಲ್ಲ. ಸೆರಗು ಸರಿಮಾಡಿಕೊಂಡು ಎಲ್ಲರನ್ನೂ ನೋಡಿದರು. ಪೆನ್ಸಿಲು ಕೆತ್ತುತ್ತಿದ್ದವರು ಕೈ ನಿಲ್ಲಿಸಿದರು.

"ಹಲತೇ ತೀ ಮಾಝೀ ಮಾನ," ಎಂದರು. "ತುಮಚಾ ಹಾತ ನಾಹೀ."

ಅಲುಗುತ್ತಿರುವುದು ನನ್ನ ಕುತ್ತಿಗೆ, ನಿಮ್ಮ ಕೈಯಲ್ಲ. ಅಷ್ಟೇ ಹೇಳಿದ್ದು. ದನಿ ಗಟ್ಟಿಯಾಗಿತ್ತು. ಮೊದಲು ಎದ್ದವನು ಟೇಲರ್. ಅವನು ತನ್ನ ಹಳೆಯ ಹಾಳೆಯನ್ನು ತಂದು ಬ್ಯಾಂಕಿನವರ ಹಾಳೆಯ ಪಕ್ಕ ಹಿಡಿದ. ಉಳಿದವರೂ ತಂದರು. ಏಳು ಹಾಳೆ, ನನ್ನದೂ ಸೇರಿ, ಏಳರಲ್ಲೂ ಅದೇ ಜಾಗದಲ್ಲಿ ಅದೇ ಮಸಿ. ಒಬ್ಬ ಹುಡುಗಿ ನಗಲು ಶುರುಮಾಡಿ ಕಣ್ಣೊರೆಸಿಕೊಂಡಳು. ಕೈ ಪಳಗಲೆಂದು ದಿನಾ ಬೆಳಗ್ಗೆ ನೂರು ಗೆರೆ ಎಳೆಯುತ್ತಿದ್ದಳಂತೆ.

ಚವಾಣ ಸರ್ ಮಾತ್ರ ಕಿಟಕಿಯ ಹತ್ತಿರ ಹೋಗಿ ನಿಂತಿದ್ದರು.

"ಕಧೀಪಾಸೂನ?" ಎಂದು ಕೇಳಿದರು. ಯಾವಾಗಿನಿಂದ ಅಂತ.

"ಮಳಿಗಾಲದಿಂದ್ರಿ ಸರ್," ಎಂದು ಅಕ್ಕಾತಾಯಿ ಕನ್ನಡಕ್ಕೆ ಬಂದರು. "ತಪ್ಪಾತು. ಮದಲ ಹೇಳಬೇಕಾಗಿತ್ತು. ನನ್ನ ಕೆಲಸ ಹೋದ್ರ ಹೋಗ್ಲಿ. ಆ ಅಶ್ವಿನಿಗೆ ಫೋನ್ ಮಾಡ್ರಿ ಮದಲ. ಆಕಿ ಕೈ ಚೊಲೊ ಐತಿ ಅಂತ ಹೇಳ್ರಿ."

ಸರ್ ಬೆನ್ನ ಹಿಂದಿನ ಕೈಗಳನ್ನು ಮುಂದೆ ತಂದರು. ಎರಡನ್ನೂ ಕ್ಷಣ ಹೊತ್ತು ನೋಡಿಕೊಂಡರು. ಆಮೇಲೆ ಮರಾಠಿಯಲ್ಲಿ ನಿಧಾನವಾಗಿ ಹೇಳಿದ್ದನ್ನು ಬ್ಯಾಂಕಿನವರು ನನಗೆ ಪಿಸುಮಾತಿನಲ್ಲಿ ತಿಳಿಸಿದರು. ಸರ್ ಮಳೆಗಾಲದಲ್ಲಿ ಅಕ್ಕಾತಾಯಿಯದೇ ಒಂದು ಚಿತ್ರಕ್ಕೆ ಕೈ ಹಾಕಿದ್ದರು. ಗೆರೆ ನಿಲ್ಲಲಿಲ್ಲ. ಮಿರಜಿಗೆ ಹೋಗಿ ಎರಡು ಸಲ ಕನ್ನಡಕ ಬದಲಿಸಿಕೊಂಡು ಬಂದರು. ಆಗಲೂ ನಿಲ್ಲಲಿಲ್ಲ. ತಮ್ಮ ಕೈಯೇ ಹೋಯಿತೆಂದು, ಶಿಷ್ಯರಿಗೆ ಗೊತ್ತಾಗಬಾರದೆಂದು, ಅಂದಿನಿಂದ ಅವರು ಚಿತ್ರ ಬರೆಯುವ ಇದ್ದಿಲು ಮುಟ್ಟಿರಲಿಲ್ಲ. ನಾನು ಜಂಬವೆಂದು ಬೈದುಕೊಂಡದ್ದು ಹೆದರಿಕೆಯನ್ನು. ನನ್ನ ಬಗ್ಗೆ ನನಗೇ ನಾಚಿಕೆಯಾಯಿತು.

ಸರ್ ಹೊರಗೆ ಹೋಗಿ ಅಶ್ವಿನಿಯ ಜೊತೆ ಫೋನಿನಲ್ಲಿ ಮಾತಾಡಿ ಬಂದರು. ಟೇಲರ್‌ನಿಂದ ಬರೆಯುವ ಹಲಗೆ, ಇದ್ದಿಲು ಇಸಿದುಕೊಂಡು ನಮ್ಮ ನಡುವೆ ಒಂದು ಸ್ಟೂಲಿನ ಮೇಲೆ ಕೂತರು.

"ಬಸಾ, ಅಕ್ಕಾತಾಯಿ," ಎಂದು ಕೂರಲು ಹೇಳಿದರು.

"ಅಲಗತೈತ್ರಿ ಸರ್."

"ಹಲೂ ದೇ," ಎಂದರು. ಅಲುಗಲಿ ಬಿಡು.

ಅಕ್ಕಾತಾಯಿ ಕೂತರು. ಸರ್ ಕೈ ಮೊದಲು ಸ್ವಲ್ಪ ಹಿಂಜರಿಯಿತು, ಆಮೇಲೆ ಓಡಿತು. ನಾವು ಯಾರೂ ಬರೆಯಲಿಲ್ಲ, ಅವರ ಹಿಂದೆ ಗುಂಪು ಕಟ್ಟಿ ನಿಂತು ನೋಡಿದೆವು. ಒಂದೊಂದು ಗೆರೆಯೂ ಒಂದೇ ಸಲಕ್ಕೆ ಬೀಳುತ್ತಿತ್ತು. ಕಿವಿಯ ಹತ್ತಿರ ಬಂದಾಗ ಅವರು ಎರಡು ಗೆರೆ ಎಳೆದು, ಎರಡನ್ನೂ ಹಾಗೇ ಬಿಟ್ಟರು. ಮುಗಿಸಿದಾಗ ಅವರ ಅಂಗಿಯ ಬೆನ್ನು ಬೆವರಿನಿಂದ ಒದ್ದೆಯಾಗಿತ್ತು. ಅಕ್ಕಾತಾಯಿ ಇಳಿದು ಬಂದು ಹಲಗೆಯನ್ನು ಎತ್ತಿಕೊಂಡು ಚಿತ್ರವನ್ನು ಅಳೆದು ತೂಗಿ ನೋಡಿದರು.

"ಮೂಗ ಇಷ್ಟ ದೊಡ್ಡದಿಲ್ರಿ ನಂದು," ಎಂದರು.

ಸರ್ ಮೊದಲ ಸಲ ನಕ್ಕದ್ದನ್ನು ನೋಡಿದೆ. ಮುಂದಿನ ತಿಂಗಳ ಹದಿನೈದು ದಿನಕ್ಕೆ ಬರುತ್ತೀಯಲ್ಲ ಎಂದು ಅವರು ಮರಾಠಿಯಲ್ಲಿ ಕೇಳಿದರು. ಅಕ್ಕಾತಾಯಿ ಕೈಯಲ್ಲಿದ್ದ ಹಲಗೆಯನ್ನು ಮೆಲ್ಲಗೆ ಕೆಳಗಿಟ್ಟರು.

"ಬರ್ತೇನ್ರಿ. ಆದ್ರ ನನಗ ಬೆನ್ನಿರೂ ಕುರ್ಚಿ ಬೇಕು."

ಮೂವತ್ತೊಂದು ವರ್ಷದಲ್ಲಿ ಅವರು ಆ ಕೋಣೆಯಲ್ಲಿ ಏನನ್ನೂ ಕೇಳಿರಲಿಲ್ಲವಂತೆ. ಎಲ್ಲರೂ ಸುತ್ತ ನೋಡಿದೆವು. ಅಲ್ಲಿದ್ದುದೆಲ್ಲ ಸ್ಟೂಲುಗಳೇ. ಮೂಲೆಯಲ್ಲಿ ಸರ್ ಕೂರುವ ಮರದ ಕುರ್ಚಿ ಒಂದಕ್ಕೆ ಮಾತ್ರ ಬೆನ್ನಿತ್ತು. ಟೇಲರ್ ಎತ್ತಲು ಹೋದ, ಸರ್ ಅವನನ್ನು ತಡೆದು ತಾವೇ ಎತ್ತಿ ತಂದು ಜಗಲಿಯ ಮೇಲಿಟ್ಟರು, ಟವೆಲಿನಿಂದ ಅದರ ಧೂಳು ಹೊಡೆದರು. ಅಕ್ಕಾತಾಯಿ ಕೂತು, ಹಿಂದಕ್ಕೆ ಸರಿದು, ತಲೆಯನ್ನು ಕುರ್ಚಿಗೆ ಆನಿಸಿದರು. ಕತ್ತು ನಿಂತಿತು.

"ಹಾಂ, ಮಾರಿ ಮಾರಿ ಏನ ನೋಡ್ತೀರಿ, ತಗೀರಿ," ಎಂದರು. ನಾವು ಏಳೂ ಜನ ಪೆನ್ಸಿಲು ಹುಡುಕುತ್ತ ನಮ್ಮ ನಮ್ಮ ಸ್ಟೂಲಿಗೆ ಓಡಿದೆವು.